ಕಟ್ಟು ಬಿಚ್ಚಿದವನು

ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ನನ್ನ ಕೊರಳಿಗೆ ಹಾಕಿದ ಸೇವಂತಿಗೆ ಹಾರಗಳನ್ನು ಹೊಳಲ್ಕೆರೆ ಬರುವ ಮೊದಲೇ ಕಿಟಕಿಯಿಂದ ಆಚೆಗೆ ಎಸೆದೆ. ಪಕ್ಕದಲ್ಲಿ ಕೂತಿದ್ದವರು ಯಾಕೆಂದು ಕೇಳಿದರು. ಕುತ್ತಿಗೆ ನವೆಯಾಗುತ್ತದೆ ಎಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಇಪ್ಪತ್ತೇಳು. ಕಾಲೇಜಿನ ಪಿ.ಟಿ. ಮೇಷ್ಟ್ರ ಕೆಲಸ ಬಿಟ್ಟು ಬೆಂಗಳೂರಿನ ಒಂದು ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಹೊರಟಿದ್ದೆ. ಆಟ ಆಡುವುದಕ್ಕೇ ಸಂಬಳ ಕೊಡುವ ತಂಡ ಅದು. ಹಾರ ಹಾಕಲು ಬಂದವರಲ್ಲಿ ನನ್ನ ತಂಡದ ಒಬ್ಬ ಇರಲಿಲ್ಲ. ಅವನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಕಾಲು ಮೇಲೆತ್ತಿ ಕಟ್ಟಿಸಿಕೊಂಡು ಮಲಗಿದ್ದ.

ನಾನು ಜಗಳೂರಿನವನು. ನಮ್ಮ ಕಡೆ ಬೇರೆ ಎಲ್ಲಕ್ಕೂ ಬರ, ಬಯಲಿಗೆ ಮಾತ್ರ ಬರವಿಲ್ಲ. ಬರಿಗಾಲಲ್ಲಿ ಚೆಂಡು ಒದ್ದು ಒದ್ದು, ಹೇಗೋ ಬೆಂಗಳೂರು ಸೇರಿ, ವ್ಯಾಯಾಮ ಶಿಕ್ಷಣದ ಕೋರ್ಸ್ ಮುಗಿಸಿ ಚನ್ನಗಿರಿಗೆ ಬಂದೆ. ಅಲ್ಲಿಯವರಿಗೆ ಕಬಡ್ಡಿ ಗೊತ್ತಿತ್ತು, ವಾಲಿಬಾಲ್ ಗೊತ್ತಿತ್ತು. ಹನ್ನೊಂದು ಜನ ಒಂದು ಚೆಂಡಿನ ಹಿಂದೆ ಓಡುವುದನ್ನು ಕಂಡು ನಕ್ಕರು. ಸಂತೆ ಮೈದಾನದ ಹಿಂದಿನ ಮನೆಗಳ ಸಾಬರ ಹುಡುಗರು ನಾಲ್ವರು, ಬಸವಾಪಟ್ಟಣ, ಉಬ್ರಾಣಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಉಳಿದವರು, ಇವರನ್ನೆಲ್ಲ ಒಟ್ಟುಗೂಡಿಸಿ ಬೆಳಗಿನ ಹೊತ್ತು ಮೈದಾನದಲ್ಲಿ ಅರೆದೆ. ಮೂರು ವರ್ಷದಲ್ಲಿ ಸುತ್ತಮುತ್ತಲ ಕಾಲೇಜುಗಳವರು ನಮ್ಮ ಹೆಸರು ಕೇಳಿದರೆ ಮುಖ ಸಣ್ಣ ಮಾಡುವ ಹಾಗಾಯಿತು. ಪ್ರಿನ್ಸಿಪಾಲರು ನನ್ನನ್ನು ಕಂಡರೆ ತಾವೇ ಕುರ್ಚಿ ತೋರಿಸುತ್ತಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನಮ್ಮ ಗೆಲುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸವಳಂಗದ ಆ ಒಬ್ಬ ಹುಡುಗನ ಕಾಲಿನಿಂದ ಬಂದವು. ಬಲಬದಿಯಲ್ಲಿ ಆಡುತ್ತಿದ್ದ. ತಂದೆ ಇರಲಿಲ್ಲ, ತಾಯಿ ಕೂಲಿಗೆ ಹೋಗುತ್ತಿದ್ದರು. ಮಾತು ಕಡಿಮೆ. ಗೋಲು ಹೊಡೆದ ಮೇಲೆ ಏನೋ ತಪ್ಪು ಮಾಡಿದವನಂತೆ ತಲೆ ತಗ್ಗಿಸಿಕೊಂಡು ತನ್ನ ಜಾಗಕ್ಕೆ ವಾಪಸು ಓಡುತ್ತಿದ್ದ. ಅಂಥ ಆಟಗಾರ ಆಮೇಲೆ ಬೆಂಗಳೂರಿನಲ್ಲೂ ನನಗೆ ಸಿಗಲಿಲ್ಲ.

ಆ ವರ್ಷ ಕಾರ್ಖಾನೆಯ ಕ್ರೀಡಾಧಿಕಾರಿಯಿಂದ ನನಗೊಂದು ಕಾಗದ ಬಂತು. ಹೊನ್ನಾಳಿಯಲ್ಲಿ ನಡೆಯುವ ಕಾಲೇಜು ಟೂರ್ನಿಯ ಫೈನಲ್ ನೋಡಲು ಬರುತ್ತೇನೆ, ನಿಮ್ಮ ತಂಡದ ಆಟ ನೋಡಿ ಮುಂದಿನ ಮಾತು ಆಡೋಣ ಎಂದು ಬರೆದಿದ್ದರು. ಅದನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗುಂಟ ಹರಿದುಹೋಯಿತು. ಹುಡುಗನಿಗೆ ಒಬ್ಬನಿಗೇ ತೋರಿಸಿದೆ. "ನಾನು ಮೊದಲು ಹೋಗ್ತೀನಿ. ಆರು ತಿಂಗಳಿಗೆ ನಿನ್ನನ್ನ ಕರೆಸ್ಕೊಂತೀನಿ. ಆಟಗಾರರಿಗೆ ಅಲ್ಲಿ ಕೆಲಸಾನೂ ಕೊಡ್ತಾರೆ" ಎಂದೆ. ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ನಮ್ಮವ್ವನ್ನೂ ಕರ್ಕೊಂಡು ಬರಬಹುದಾ ಸಾರ್?" ಎಂದು ಕೇಳಿದ. ಬರಬಹುದು ಎಂದೆ. ಹೇಳುವುದಕ್ಕೇನು.

ಫೈನಲ್‌ಗೆ ಹದಿನೈದು ದಿನ ಇರುವಾಗ ಅಭ್ಯಾಸದಲ್ಲಿ ಬಿದ್ದ. ಬಲಗಾಲು ಪಾದಕ್ಕಿಂತ ಸ್ವಲ್ಪ ಮೇಲೆ ಊದಿಕೊಂಡಿತು. ಆಸ್ಪತ್ರೆಗೆ ಎಂದರೆ ಅವನ ತಾಯಿ ಕೈಮುಗಿದುಬಿಟ್ಟರು. ಮೂಳೆ ಮುರಿದವರು ದೊಡ್ಡಾಸ್ಪತ್ರೆಗೆ ಹೋದರೆ ಕಾಲು ಕತ್ತರಿಸಿ ಕಳಿಸುತ್ತಾರೆಂಬ ಭಯ ಆಗ ಊರೂರಿಗೂ ಇತ್ತು. ಹಾಗಾಗಿ ನ್ಯಾಮತಿಯ ಗರಡಿಮನೆಯ ಉಸ್ತಾದರ ಹತ್ತಿರ ಕರೆದುಕೊಂಡು ಹೋದೆ. ಪೈಲ್ವಾನರ ಮೂಳೆ ಕೂಡಿಸಿ ಕೂಡಿಸಿ ಕೈ ಪಳಗಿದ ಅರವತ್ತು ದಾಟಿದ ಮನುಷ್ಯ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮೂಳೆಯ ಗುಂಟ ತಡವಿ, "ಸೀಳು ಬಿಟ್ಟೈತೆ. ಮುರಿದಿಲ್ಲ. ಕೂಡ್ಕೊಂತದೆ" ಎಂದರು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಹಚ್ಚಿ, ಸುತ್ತ ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಮೊಣಕಾಲಿನವರೆಗೆ ಬಿಗಿದು ಕಟ್ಟಿದರು.

ಕಟ್ಟಿದ ಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಮೂರು ವಾರ. ಇದನ್ನ ಬಿಚ್ಚಾಕೆ ನನ್ನ ಹತ್ರಾನೇ ಬರ್ಬೇಕು. ದಬ್ಬೆ, ಬಟ್ಟೆ ನನಗೇ ವಾಪಸ್ ಬರ್ಬೇಕು. ಕಟ್ಟಿಸ್ಕೊಂಡೋನು ತಾನೇ ಬಿಚ್ಚಿಕೊಂಡ್ರೆ ಅವನ ಮೈನ ನಾನು ಇನ್ನೊಂದು ಸಲ ಮುಟ್ಟಂಗಿಲ್ಲ. ನನ್ನ ಗುರುವಿಗೆ ಕೊಟ್ಟ ಮಾತು ಅದು. ಬ್ಯಾರೆಯೋರು ಬಿಚ್ಚಿದ್ರೆ ಅವರು ಬಂದು ನನ್ನ ಮುಂದೆ ಒಪ್ಕಬೇಕು. ಆಮೇಲೆ ಮುಟ್ತೀನಿ." ನಾನು ಆಯಿತು ಎಂದೆ. ಕಟ್ಟಿನ ಮೇಲೆ ಕೈ ಇಟ್ಟು ಹೇಳಿ ಎಂದರು. ಇಟ್ಟು ಹೇಳಿದೆ.

ಫೈನಲ್‌ನ ಹಿಂದಿನ ದಿನ ಹಾಸ್ಟೆಲ್ಲಿನ ಅವನ ಕೋಣೆಗೆ ಹೋದೆ. ನೋವಿದೆಯೇನೋ ಎಂದು ಕೇಳಿದೆ. "ಇಲ್ಲ ಸಾರ್" ಎಂದ. ನೋವಿದೆ ಎಂದು ಹೇಳುವ ಆಟಗಾರ ಇನ್ನೂ ಹುಟ್ಟಿಲ್ಲ, ಅದು ಗೊತ್ತಿಲ್ಲದ ಕೋಚ್ ಕೂಡ ಇಲ್ಲ. ಜೇಬಿನಲ್ಲಿ ಕ್ಷೌರದ ಬ್ಲೇಡು ಇಟ್ಟುಕೊಂಡೇ ಹೋಗಿದ್ದೆ. ಅವನನ್ನು ಬೋರಲು ಮಲಗಿಸಿ ಮೀನಖಂಡದ ಹಿಂದೆ ಮೇಲಿನಿಂದ ಕೆಳಗಿನವರೆಗೆ ಬಟ್ಟೆಯನ್ನು ನೆಟ್ಟಗೆ ಕೊಯ್ದೆ. ಒಳಗಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿ, "ಹಗುರ ಆತು ಸಾರ್" ಎಂದು ನಕ್ಕ. ಉಸ್ತಾದರಿಗೆ ಕೊಡಬೇಕೆಂದು ದಬ್ಬೆ, ಬಟ್ಟೆಗಳನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡ. ಆಗಲೂ ನನಗೆ ನಾಚಿಕೆಯಾಗಲಿಲ್ಲ.

ಹೊನ್ನಾಳಿಯಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಕ್ರೀಡಾಧಿಕಾರಿ ಶಾಮಿಯಾನದ ಕೆಳಗೆ ಕೂತಿದ್ದರು. ಮೊದಲ ಅರ್ಧದಲ್ಲೇ ಅವನು ಗೋಲು ಹೊಡೆದ. ಎಂದಿನಂತೆ ತಲೆ ತಗ್ಗಿಸಿಕೊಂಡು ವಾಪಸು ಓಡಿದ, ಆದರೆ ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಮೈಯೆಲ್ಲ ಕಣ್ಣಾಗಿ ಕೂತಿದ್ದ ನನಗೆ ಅದು ಕಂಡಿತು. ಅವನನ್ನು ಹೊರಗೆ ಕರೆಯಬಹುದಿತ್ತು. ಬದಲಿ ಹುಡುಗ ಪಕ್ಕದಲ್ಲೇ ಬನಿಯನ್ ಹಾಕಿಕೊಂಡು ಕೂತಿದ್ದ. ಕರೆಯಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಇಬ್ಬರ ಕಾಲು ಒಂದೇ ಚೆಂಡಿಗೆ ಬಿದ್ದವು. ಒಣಗಿದ ತೊಗರಿಕಡ್ಡಿ ಮುರಿದ ಸದ್ದು. ಅವನು ಕೂಗಲಿಲ್ಲ, ಬಿದ್ದಲ್ಲೇ ಹುಲ್ಲು ಕಿತ್ತು ಕಿತ್ತು ಹಾಕುತ್ತಿದ್ದ. ಓಡಿ ಹೋದೆ. ಪಾದ ತಿರುಗಬಾರದ ಕಡೆ ತಿರುಗಿತ್ತು. ನೀರು ಕುಡಿಸುವ ನೆವದಲ್ಲಿ ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ, "ಯಾರು ಕೇಳಿದ್ರೂ ಕಟ್ಟು ನೀನೇ ಬಿಚ್ಚಿಕೊಂಡೆ ಅಂತ ಹೇಳು." ಅವನು ತಲೆಯಾಡಿಸಿದ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾದವು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದವರು ಪ್ರಿನ್ಸಿಪಾಲರು ಮತ್ತು ಆ ಅಧಿಕಾರಿ. ಉಸ್ತಾದರು ನೆನಪಿಗೇ ಬರಲಿಲ್ಲ.

ನಾವು ಗೆದ್ದೆವು. ಅಧಿಕಾರಿ ನನ್ನ ಕೈ ಕುಲುಕಿ, ಹುಡುಗರಿಂದ ಚೆನ್ನಾಗಿ ಕೆಲಸ ತೆಗೆಯುತ್ತೀರಿ ಎಂದರು, ನಾನು ಇಳಿದುಕೊಂಡಿರುವ ಸರ್ಕಾರಿ ಬಂಗಲೆ, ಐ.ಬಿ.ಗೆ ಬನ್ನಿ, ಮಾತಾಡೋಣ ಎಂದರು. ಹೋದೆ. ಹುಡುಗರು ಅವನನ್ನು ಯಾರದೋ ಲಾರಿಯಲ್ಲಿ ಹಾಕಿಕೊಂಡು ನ್ಯಾಮತಿಗೆ ಹೊರಟರು. ನಾನು ಐ.ಬಿ.ಯಲ್ಲಿ ಟೀ ಕುಡಿಯುತ್ತಾ, ಒಂದು ವಾರದೊಳಗೆ ಬಂದು ಸೇರುತ್ತೇನೆಂದು ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಗೋಲ್‌ಕೀಪರ್ ಚನ್ನಗಿರಿಯ ನನ್ನ ಕೋಣೆಗೆ ಬಂದ. ಕಣ್ಣು ಕೆಂಪಾಗಿದ್ದವು. ಉಸ್ತಾದರು ಮೊದಲು ಕೇಳಿದ್ದೇ ಕಟ್ಟು ಬಿಚ್ಚಿದ್ದು ಯಾರು ಎಂದು. ನಾನೇ ಬಿಚ್ಚಿಕೊಂಡೆ ಎಂದು ಕಾಲು ಮುರಿದುಕೊಂಡವನು ಹೇಳಿದನಂತೆ. ಹಾಗಾದರೆ ನನ್ನ ಕೈಯಿಂದ ಆಗುವುದಿಲ್ಲ ಎಂದು ಅವರು ಒಳಗೆ ಹೋದರು. ಹುಡುಗರು ಗೋಗರೆದರೂ ಹೊರಗೆ ಬರಲಿಲ್ಲ. ಅವನನ್ನು ಸವಳಂಗಕ್ಕೆ, ತಾಯಿಯ ಹತ್ತಿರ ಬಿಟ್ಟು ಬಂದಿದ್ದರು.

"ಅವನು ಸುಳ್ಳು ಹೇಳಾಕೆ ಹತ್ಯಾನೆ, ನಮಗೆ ಗೊತ್ತೈತೆ ಸಾರ್" ಎಂದ ಗೋಲ್‌ಕೀಪರ್. "ನೀವು ಬಂದು ಉಸ್ತಾದರಿಗೆ ಒಂದು ಮಾತು ಹೇಳ್ರಿ. ಅವರವ್ವ ಆಸ್ಪತ್ರೆಗೆ ಬ್ಯಾಡ ಅಂತಾಳೆ, ಸಾರ್ ಬರ್ತಾರೆ ತಡೀರಿ ಅಂತಾಳೆ."

ನಾಳೆ ಬರುತ್ತೇನೆ ಎಂದೆ. ಆ ನಾಳೆ ಬಂದಾಗ ರಾಜೀನಾಮೆ ಬರೆದುಕೊಟ್ಟೆ. ಅದರ ಮರುದಿನ ಸ್ಟಾಫ್‌ರೂಮಿನಲ್ಲಿ ನನಗೆ ಶಾಲು ಹೊದಿಸಿದರು. ನ್ಯಾಮತಿಯಲ್ಲಿ ಒಪ್ಪಿಕೊಂಡರೆ ಮಾತು ಸಂಜೆಯೊಳಗೆ ಚನ್ನಗಿರಿಗೆ, ಅಲ್ಲಿಂದ ಬೆಂಗಳೂರಿಗೆ ಮುಟ್ಟುತ್ತದೆಂದು ಲೆಕ್ಕ ಹಾಕುತ್ತಿದ್ದೆ. ಮೂರನೆಯ ದಿನ ಕಾಲು ಕಪ್ಪಗಾದಾಗ ತಾಯಿಯೇ ಹೆದರಿ ಶಿವಮೊಗ್ಗಕ್ಕೆ ಸಾಗಿಸಿದರು. ಅಲ್ಲಿನ ಡಾಕ್ಟರು ಕಾಲು ಉಳಿಸಿದರು. ಮೊದಲೇ ತಂದಿದ್ದರೆ ನೆಟ್ಟಗೆ ಕೂಡುತ್ತಿತ್ತು ಎಂದರಂತೆ.

ಬೆಂಗಳೂರಿಗೆ ಅವನ ಕಾಗದ ಒಂದು ಬಂತು. ದುಂಡಗಿನ ಅಕ್ಷರ. ನಮಸ್ಕಾರಗಳು, ಕಾಲು ಸ್ವಲ್ಪ ಗಿಡ್ಡ ಆಗಿದೆ, ಓಡಲು ಆಗುವುದಿಲ್ಲ, ಗೋಲ್‌ಕೀಪರ್ ಆಗಿ ನಿಲ್ಲಬಹುದೇ ಎಂದು ಕೇಳಿದ್ದ. ನಿಂತ ಜಾಗದಲ್ಲೇ ಹಾರುವುದನ್ನು ಮನೆಯ ಹಿಂದೆ ಅಭ್ಯಾಸ ಮಾಡುತ್ತಿದ್ದೇನೆ ಎಂದೂ ಬರೆದಿದ್ದ. ನಾನು ಉತ್ತರ ಬರೆಯಲಿಲ್ಲ. ಅವನೂ ಮತ್ತೆ ಬರೆಯಲಿಲ್ಲ.

ಕಾರ್ಖಾನೆಯ ತಂಡದಲ್ಲಿ ನಾನು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಸಂಬಳದ ಆಟಗಾರರು ಸಣ್ಣ ನೋವಿಗೂ ಡಾಕ್ಟರ ಚೀಟಿ ತಂದು ಮುಖಕ್ಕೆ ಹಿಡಿಯುತ್ತಿದ್ದರು. ಎರಡು ವರ್ಷ ಸತತ ಸೋತ ಮೇಲೆ ನನ್ನನ್ನು ಸ್ಟೋರಿನ ಗುಮಾಸ್ತೆಯಾಗಿ ಕೂರಿಸಿದರು. ಎಂಬತ್ತರ ದಶಕದ ನಡುವೆ ಒಂದು ಮದುವೆಗೆಂದು ನ್ಯಾಮತಿಗೆ ಹೋದವನು, ಊಟ ಮುಗಿಸಿ ಗರಡಿಮನೆಗೆ ನಡೆದೆ. ಏಳು ವರ್ಷ ತಡವಾಗಿ.

ಉಸ್ತಾದರು ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದರು. ಯಾರೆಂದು ಹೇಳಿಕೊಂಡು, ಆ ಕಟ್ಟು ಬಿಚ್ಚಿದ್ದು ನಾನು ಎಂದೆ.

"ಗೊತ್ತೈತೆ" ಎಂದರು. "ಹುಡುಗ ದಬ್ಬೆ, ಬಟ್ಟೆ ವಾಪಸ್ ತಂದಿದ್ದ. ಬಟ್ಟೆ ಹಿಂದಗಡೆ ಮೇಲಿಂದ ಕೆಳಗಿನ ತನಕ ನೆಟ್ಟಗೆ ಕೊಯ್ದಿತ್ತು. ತನ್ನ ಕಾಲಿನ ಹಿಂದೆ ತಾನೇ ಹಂಗೆ ಕೊಯ್ಕಳಾಕೆ ಯಾರಿಗಾದ್ರೂ ಆಗ್ತದೇನ್ರೀ?"

"ಗೊತ್ತಿದ್ದೂ ಯಾಕೆ ಮುಟ್ಟಲಿಲ್ಲ?" ನನ್ನ ದನಿ ಏರಿತು. ತಪ್ಪು ನನ್ನದಾದರೂ ಆ ಮುದುಕರ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

"ಹೌದು. ಮುಟ್ಟಬೇಕಿತ್ತು. ಗುರುವಿನ ಮಾತು ಹಿಡ್ಕೊಂಡು ಕುಂತೆ. ಬಿಚ್ಚಿದೋರು ಬರ್ತಾರೆ, ಮೇಷ್ಟ್ರು ಅಂದ್ರೆ ಓದಿದೋರು, ಬಂದೇ ಬರ್ತಾರೆ ಅಂದ್ಕಂಡೆ. ಎರಡು ದಿನ ಎಣ್ಣೆ ಕಾಸಿ, ಮೊಟ್ಟೆ ತರ್ಸಿ ಇಟ್ಟಿದ್ದೆ." ಆಮೇಲೆ, "ನನ್ನ ಹತ್ರ ಹೇಳಿ ಏನ್ ಮಾಡ್ತೀರಿ? ಅವನು ಸವಳಂಗದಾಗೇ ಐದಾನೆ, ಬಸ್‌ಸ್ಟ್ಯಾಂಡಿನಾಗೆ ಸೈಕಲ್ ರಿಪೇರಿ ಮಾಡ್ತಾನೆ. ಈಗ್ಲೂ ಕೇಳಿದೋರಿಗೆ, ಕಟ್ಟು ನಾನೇ ಬಿಚ್ಚಿಕೊಂಡೆ ಅಂತಾನೆ. ಹೋಗಿ ಹೇಳ್ರಿ" ಎಂದರು.

ಸವಳಂಗದ ಮೇಲೆ ಹೋಗುವ ಶಿವಮೊಗ್ಗದ ಬಸ್ಸು ಹತ್ತಿದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸವಳಂಗದಲ್ಲಿ ಬಸ್ಸು ಟೀಗೆಂದು ನಿಂತಿತು. ಕಿಟಕಿಯ ಆ ಕಡೆ, ಹಲಗೆ ಅಂಗಡಿಯ ಮುಂದೆ, ಒಬ್ಬ ಸೈಕಲ್ಲಿನ ಚಕ್ರ ತಿರುಗಿಸಿ ನೋಡುತ್ತಿದ್ದ. ಎದ್ದು ಪಂಪು ತರಲು ಹೋದ. ಪ್ರತಿ ಹೆಜ್ಜೆಗೂ ಬಲಗಡೆಗೆ ವಾಲುತ್ತಿದ್ದ. ಅಂಗಡಿ ಮುಂದೆ ಆಡುತ್ತಿದ್ದ ಮಕ್ಕಳ ರಬ್ಬರ್ ಚೆಂಡು ಅವನ ಕಡೆ ಉರುಳಿ ಬಂತು. ಎಡಗಾಲಿನಿಂದ ಮೆಲ್ಲಗೆ ತಡೆದು, ಅಳತೆ ಮಾಡಿದಂತೆ ಅವರ ಕಾಲಿಗೇ ತಳ್ಳಿದ. ಆಮೇಲೆ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಕೂತ.

ಬಸ್ಸು ಹತ್ತು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ.