ಕೆರೆದಂಡೆಗೆ ಏಳು ತಿಂಗಳು ಮೊದಲು

ಅವನು ಹೇಡಿ. ಇಪ್ಪತ್ತೆರಡು ವರ್ಷ ನೋಡಿ ಹೇಳುತ್ತಿದ್ದೇನೆ, ದುಡುಕಿನ ಮಾತಲ್ಲ. ಬೈದರೆ ತಲೆ ತಗ್ಗಿಸುತ್ತಾನೆ. ಬೈದವರು ಹೋದ ಮೇಲೂ ತಗ್ಗಿಸಿಯೇ ಇರುತ್ತಾನೆ.

ಬಣ್ಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಕೆಲಸ. ಗಿರಾಕಿಗಳು ಗೋಡೆಯಿಂದ ಕೆರೆದು ತಂದ ಚಕ್ಕೆಗೆ ಹೊಂದುವ ಬಣ್ಣ ಬೆರೆಸುತ್ತಾನೆ. ಹಸಿ ಬಣ್ಣವನ್ನು ನಂಬುವಂತಿಲ್ಲ, ಒಣಗಿದರೆ ಗಾಢವಾಗುತ್ತದೆ. ಆದ್ದರಿಂದ ರಟ್ಟಿನ ಚೂರಿಗೆ ಬಳಿದು, ಬೆನ್ನಿಗೆ ತಾರೀಖು, ಅಳತೆ ಬರೆದು ಕಾಯುತ್ತಾನೆ. ವಾಸ ಒಂಟಿ ಕೋಣೆಯಲ್ಲಿ. ಒಂದು ತಟ್ಟೆ, ಒಂದು ಕುರ್ಚಿ. ಉಣ್ಣುವಾಗ ರೇಡಿಯೋ ಹಾಕಿರುತ್ತಾನೆ, ಹಾಡು ಕೇಳಲಿಕ್ಕಲ್ಲ, ಬೇರೇನೂ ಕೇಳಿಸದಿರಲಿ ಎಂದು.

ಅವನ ಅಕ್ಕ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಹೇಳುತ್ತಿದ್ದುದು ಇಷ್ಟೇ: ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಕೆರೆದಂಡೆಗೆ ಹೋಗಿ ಎಲ್‌ಎಸ್‌ಡಿ ಎಂಬ ಮಾದಕದ್ರವ್ಯ ಅದ್ದಿದ ಕಾಗದ ನಾಲಿಗೆಯ ಮೇಲಿಟ್ಟ, ಗೆಳೆಯರೆಲ್ಲ ಮನೆಗೆ ಬಂದರು, ಇವನ ತಲೆ ಬರಲಿಲ್ಲ. ಎಂಟು ತಿಂಗಳು ಆಸ್ಪತ್ರೆ, ಆಮೇಲೆ ದಿನವೂ ಮಾತ್ರೆ. ಆ ಕಾಗದವೇ ಬೆಂಕಿ ಹಚ್ಚಿತೋ, ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಹಾಕಿತೋ ಹೇಳಲಾರೆ ಎಂದಿದ್ದರು ವೈದ್ಯರು. ಮನೆಯವರಿಗೆ ಮೊದಲನೆಯದೇ ಸಾಕಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಿದ್ದಳು ಅಕ್ಕ. ಅವನೂ ಹೌದೆನ್ನುತ್ತಿದ್ದ. ಮನೆಗೆ ಕರೆಯುವುದನ್ನೇ ಬಿಟ್ಟಳು. ಅದಕ್ಕೂ ಹೌದೆಂದ.

ಕಳೆದ ವರ್ಷ ಅವಳ ಹತ್ತೊಂಬತ್ತರ ಮಗಳು ಕಾಲೇಜು ಬಿಟ್ಟು ಕೋಣೆಯ ಮೂಲೆ ಹಿಡಿದಳು. ಗೋಡೆಯೊಳಗೆ ಯಾರೋ ಮಾತಾಡುತ್ತಾರೆ ಎಂದಳು. ಕಾಗದ ಕೊಟ್ಟವರ ಹೆಸರು ಹೇಳು ಎಂದು ತಾಯಿ ಮೂರು ವಾರ ಪೀಡಿಸಿದಳೇ ಹೊರತು ವೈದ್ಯರಿಗೆ ತೋರಿಸಲಿಲ್ಲ. ಹುಡುಗಿ ಊಟ ಬಿಟ್ಟಳು. ಮಾವನ ಗತಿ ಕಣ್ಣಾರೆ ಕಾಣಲಿ ಎಂದು ತಾಯಿ ಅವಳನ್ನು ಅಂಗಡಿಗೇ ಎಳೆದು ತಂದಳು.

"ನೋಡ್ಕೋ, ನೀನೂ ಹೀಗೇ ಡಬ್ಬ ಕಲಕ್ತಾ ಕೂರ್ತೀಯ."

"ನಾನೇನೂ ತಗೊಂಡಿಲ್ಲ ಮಾಮ," ಎಂದಳು ಹುಡುಗಿ.

ಅವನು ಕೈ ಒರೆಸಿಕೊಂಡ. "ಗೊತ್ತು ಪುಟ್ಟಿ. ನನಗೂ ತಗೊಳ್ಳೋಕೆ ಮುಂಚೇನೇ ಕೇಳಿಸ್ತಿತ್ತು. ಸುಮ್ಮನಾಗ್ಲಿ ಅಂತಾನೇ ತಗೊಂಡೆ. ಇನ್ನೂ ಜಾಸ್ತಿ ಆಯ್ತು."

ಅವಳ ಸಮಾಧಾನಕ್ಕೆ ಕತೆ ಕಟ್ಟಬೇಡ ಎಂದು ಅಕ್ಕ ಗದರಿದಳು. ಅವನು ತಾನು ಮೊದಲು ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆಯ ಒಂದು ಹಳೆಯ ಬಣ್ಣದ ರಟ್ಟನ್ನು ಪೆಟ್ಟಿಗೆಯಿಂದ ತೆಗೆದು ಅಕ್ಕನ ಕೈಗೆ ಕೊಟ್ಟ. ಬೆನ್ನಿಗಿದ್ದ ತಾರೀಖು ಕೆರೆದಂಡೆಗೆ ಹೋದದ್ದಕ್ಕೆ ಏಳು ತಿಂಗಳು ಹಿಂದಿನದು. ಅಳತೆ ಬರೆಯುವ ಜಾಗದಲ್ಲಿ, 'ಇವತ್ತೂ ಗೋಡೆ ಕರೆಯಿತು' ಎಂದಿತ್ತು.

"ಯಾಕೋ ಬಾಯಿ ಬಿಡ್ಲಿಲ್ಲ?"

"ನಿನ್ನ ಮದುವೆ ಗೊತ್ತಾಗಿತ್ತಲ್ಲ ಅಕ್ಕ. ಚಟ ಅಂದ್ರೆ ನನ್ನೊಬ್ಬಂದು. ಕಾಯಿಲೆ ಅಂದ್ರೆ ಮನೆಯೋರೆಲ್ಲರ್ದು."

ಇದನ್ನು ತ್ಯಾಗವೆನ್ನಲು ನಾನು ಸಿದ್ಧಳಿಲ್ಲ. ಆ ಮೌನಕ್ಕೆ ಹುಡುಗಿ ಮೂರು ವಾರ ತೆತ್ತಳು.

ಮರುದಿನ ಮೂವರೂ ಆಸ್ಪತ್ರೆಗೆ ಹೋದರು. ಅಕ್ಕ ಅರ್ಜಿ ತುಂಬುತ್ತಿದ್ದಳು. ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂಬಲ್ಲಿ ಪೆನ್ನು ನಿಂತಿತು; ಸುತ್ತ ಪರಿಚಯದವರಿದ್ದಾರೆಯೇ ಎಂದು ನೋಡಿದಳು. ಅವನು ಪೆನ್ನು ತೆಗೆದುಕೊಂಡು 'ಸೋದರಮಾವನಿಗೆ' ಎಂದು ಬರೆದ. ಅಷ್ಟು ಸಾಕಿತ್ತು. ಯಾರೂ ಕೇಳದಿದ್ದರೂ ಪಕ್ಕದಲ್ಲಿ ತನ್ನ ಪೂರ್ತಿ ಹೆಸರು ಬರೆದ.