ಇಂಜಿನ್ ಬಂದ್ ಮಾಡಿದ ಸಪ್ಪಳ

ಶನಿವಾರ ಸಂಜೆ ಆರಾಯಿತೆಂದರೆ ದಾನಿಯೇಲಪ್ಪ ಕಾಕಾ ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು ಕೂತುಬಿಡುತ್ತಿದ್ದರು. ಆ ಕಡೆಯಿಂದ ಬರುತ್ತಿದ್ದುದು ಮಾತಲ್ಲ, ಲಾರಿಯ ಇಂಜಿನ್ನಿನ ಗುರುಗುರು. ಅದು ಒಮ್ಮೆ ಕೆಮ್ಮಿ, ನಡುಗಿ, ನಿಲ್ಲುತ್ತಿತ್ತು. ನಿಂತದ್ದು ಖಾತ್ರಿಯಾದ ಮೇಲೆಯೇ ಕಾಕಾ ಉಸಿರು ಬಿಡುತ್ತಿದ್ದರು. "ದೇವರಿಗೆ ಸ್ತೋತ್ರ. ಮಲ್ಕೋರಿ ಇನ್ನ," ಎಂದು ಫೋನಿಟ್ಟು ಮುಂದಿನ ಡ್ರೈವರನ ಫೋನಿಗೆ ಕಾಯುತ್ತಿದ್ದರು. ಅವರ ಲಾರಿಗಳು ಎಲ್ಲೇ ಇರಲಿ, ಶನಿವಾರ ಆರಕ್ಕೆ ನಿಲ್ಲಬೇಕು, ಸೋಮವಾರ ಬೆಳಗಿನ ತನಕ ಅಲುಗಬಾರದು. 'ನಿಲ್ಲಿಸೀನ್ರಿ' ಎಂಬ ಬಾಯಿಮಾತು ನಡೆಯುತ್ತಿರಲಿಲ್ಲ. ಸಪ್ಪಳ ಕೇಳಿಸಬೇಕಾಗಿತ್ತು.

ಬೆಂಗೇರಿಯ ಅವರ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳಲು ನಾನು ಸೇರಿದ ಹೊಸದರಲ್ಲಿ, ಇದೆಂಥ ಹುಚ್ಚು ಶಿವನೇ ಅನ್ನಿಸಿತ್ತು. ನಾವು ವಿಭೂತಿ ಹಚ್ಚುವ ಮಂದಿ. ಸೋಮವಾರದ ಒಪ್ಪತ್ತು ಗೊತ್ತು, ರವಿವಾರ ಲಾರಿ ಮಲಗಿಸುವ ವ್ರತ ಗೊತ್ತಿರಲಿಲ್ಲ.

ಹೆಸರೇನೋ ಬೈಬಲ್ಲಿನಲ್ಲಿ ಸಿಂಹಗಳ ಗವಿಯಲ್ಲಿ ಕೂತು ಜೀವಂತ ಹೊರಬಂದ ದಾನಿಯೇಲನದು. ಆದರೆ ಅವರಂಥ ಅಂಜುಬುರುಕರನ್ನು ನಾನು ಕಂಡಿಲ್ಲ. ಬೀದಿನಾಯಿಗೆ ಅಂಜಿ ಇಡೀ ಓಣಿ ಸುತ್ತುಹಾಕಿ ಬರುವವರು. ಎಲ್ಲ ಕಾಗದ ಸರಿಯಿದ್ದರೂ ಆರ್‌ಟಿಓ ಜೀಪು ಕಂಡರೆ ಗಟಗಟ ನೀರು ಕುಡಿಯುವವರು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಅದನ್ನು ನನ್ನ ಕಡೆ ತಳ್ಳಿ, "ನೀನ ತಗೋ ಗಿರಿಜವ್ವಾ, ನನ್ನ ಕೈಲೆ ಆಗಂಗಿಲ್ಲ," ಎನ್ನುತ್ತಿದ್ದರು. ಅಂಜಿಕೆ ಅಂಟುರೋಗ ನೋಡಿ. ವರ್ಷ ತುಂಬುವುದರೊಳಗೆ ಫೋನ್ ಬಡಿದುಕೊಂಡರೆ ನಾನೂ ಎತ್ತುವ ಮುಂಚೆ ಶಿವ ಶಿವ ಅನ್ನತೊಡಗಿದೆ.

ಒಮ್ಮೆ ಚರ್ಚಿನಲ್ಲಿ ಪಾಸ್ಟರು ಎಲ್ಲರೆದುರು ಅವರನ್ನು ಎಬ್ಬಿಸಿ ನಿಲ್ಲಿಸಿ, ವ್ಯಾಪಾರದ ನಡುವೆಯೂ ದೇವರ ದಿನ ಕಾಯುವ ವಿಶ್ವಾಸಿ ಎಂದು ಹೊಗಳಿದರಂತೆ. ಮರುದಿನ ಕಾಕಾ ಆಫೀಸಿನಲ್ಲಿ ಮುಖ ಇಳಿಬಿಟ್ಟುಕೊಂಡು ಕೂತಿದ್ದರು.

"ವಿಶ್ವಾಸ ಎಲ್ಲೀದವ್ವಾ? ಅಂಜಿಕಿ ಅದು," ಎಂದು ತಾವಾಗಿಯೇ ಹೇಳಿದರು. ಹರೆಯದಲ್ಲಿ ಅವರೇ ಲಾರಿ ಓಡಿಸುತ್ತಿದ್ದಾಗ, ಸುಗ್ಗಿಯಲ್ಲಿ ವಾರಗಟ್ಟಲೆ ಸೂಟಿಯಿಲ್ಲದೆ ಓಡಿಸಿ, ಒಂದು ರವಿವಾರ ಸ್ಟೇರಿಂಗ್ ಹಿಡಿದಲ್ಲೇ ನಿದ್ದೆ ಹತ್ತಿತ್ತು. ಪಕ್ಕದಲ್ಲಿ ಕ್ಲೀನರ್ ಆಗಿ ಕೂತವನು ಒಡಹುಟ್ಟಿದ ತಮ್ಮ. "ಗಿಡಕ್ಕ ಹೊಡದ ಸಪ್ಪಳಕ್ಕ ಎಚ್ಚರಾತು. ಇಂಜಿನ್ ಹಂಗ ಓಡಾಕತ್ತಿತ್ತು. ತಮ್ಮ ಹೋಗಿಬಿಟ್ಟಿದ್ದ."

ನಮ್ಮ ಲೋಡಿನ ಹೆಚ್ಚಿನ ಪಾಲು ಒಬ್ಬ ಬೀಜದ ವ್ಯಾಪಾರಿಯದು. ಮುಂಗಾರಿಗೆ ಮುಂಚೆ ಅವನು ಬಂದು ಎದುರಿಗೇ ಕೂತ.

"ಕಾಕಾರ, ಬಿತ್ತೂ ಹೊತ್ತಿನ್ಯಾಗ ರವಿವಾರ ಸೂಟಿ ಅಂದ್ರ ಹೆಂಗ್ರಿ? ಗಾಡಿ ಓಡಸ್ರಿ. ಇಲ್ಲಾಂದ್ರ ನಾ ಬ್ಯಾರೆ ಕಡೆ ನೋಡ್ಕೋತೀನಿ."

ಕಾಕಾ ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಕುಡಿಯದೆ ಮತ್ತೆ ಕಪ್ಪಿಗೇ ಸುರಿದರು. ಹೂಂ ಅಂದೇಬಿಡುತ್ತಾರೆ ಅಂದುಕೊಂಡೆ. ಖರೇ ಹೇಳಬೇಕೆಂದರೆ, ಅನ್ನಲಿ ಎಂದೇ ಒಳಗೊಳಗೆ ಬೇಡಿಕೊಂಡೆ. ನನ್ನ ಮನೆಯ ಒಲೆಯೂ ಆ ಲೋಡಿನ ಮೇಲೆಯೇ ಉರಿಯುತ್ತಿತ್ತು.

"ಭಾಳ ಅಂಜಿಕಿ ಬರಾಕತ್ತೇತ್ರಿ," ಎಂದರು ಕಾಕಾ. "ಆದ್ರ ನಿಮಗಿಂತಾ ಆ ಸ್ಟೇರಿಂಗಿಗೆ ಹೆಚ್ಚು ಅಂಜತೀನಿ. ಆಗಂಗಿಲ್ರಿ."

ವ್ಯಾಪಾರಿ ಎದ್ದುಹೋದ. ತಪ್ಪು ತಿಳಿದು ತಿರುಗಿ ಬಂದ ಎಂದು ಬರೆದರೆ ಓದಲು ಛಲೋ ಇರುತ್ತದೆ, ಆದರೆ ಬರಲಿಲ್ಲ. ಕಾಕಾ ಒಂದು ಲಾರಿ ಮಾರಿದರು. ಬಾಗಿಲು ಹಾಕುವ ದಿನ ಬಂದೀತೆಂಬ ಭಯ ನಮ್ಮಿಬ್ಬರ ನಡುವೆ ಮೂರನೆಯವನಂತೆ ಆಫೀಸಿನಲ್ಲೇ ಕೂತಿರುತ್ತಿತ್ತು. ರವಿವಾರವಾದರೂ ಅವರಿಗೆ ನೆಮ್ಮದಿಯಿತ್ತೇ ಎಂದರೆ ಅದೂ ಇಲ್ಲ. ಆರಾಧನೆಯ ಹೊತ್ತಿನಲ್ಲೂ ಜೇಬಿನೊಳಗಿನ ಫೋನಿನ ಮೇಲೆ ಕೈ ಇಟ್ಟುಕೊಂಡೇ ಕೂರುತ್ತಿದ್ದರಂತೆ. "ಗಾಡಿಗೆ ಸೂಟಿ ಕೊಟ್ರಿ, ನಿಮ್ಮ ಜೀವಕ್ಕ ಯಾವಾಗ್ರಿ ಕಾಕಾ?" ಎಂದು ಕಾಡಿದರೆ ನಗುತ್ತಿರಲಿಲ್ಲ.

ದಸರೆಯ ಮುಂದೆ ಒಂದು ಶನಿವಾರ ಮೌಲಾಸಾಬನ ಫೋನ್ ಬರಲಿಲ್ಲ. ಅವನು ನಮ್ಮ ಹಳೆಯ ಡ್ರೈವರ್, ಕಾರವಾರದಿಂದ ಘಟ್ಟ ಹತ್ತಿ ವಾಪಸು ಬರುತ್ತಿದ್ದ. ನಾವು ಮಾಡಿದರೆ ಕರೆ ಹತ್ತಲಿಲ್ಲ. ಏಳಾಯಿತು, ಎಂಟಾಯಿತು. ಕಾಕಾ ಕುರ್ಚಿಯ ಕೈ ಹಿಡಿದು, ತುಟಿ ಅಲುಗಿಸುತ್ತ ಪ್ರಾರ್ಥಿಸುತ್ತಿದ್ದರು. ನಾನು ಅವರ ಮುಖ ನೋಡದೆ ಮನೆಗೆ ಹೋದೆ.

ಬೆಳಗಾಗುತ್ತಲೇ ಬೈರಿದೇವರಕೊಪ್ಪದ ಅವರ ಮನೆಗೆ ಓಡಿದೆ. ಚರ್ಚಿಗೆ ಹೋಗುವ ಇಸ್ತ್ರಿ ಅಂಗಿ ತೊಟ್ಟುಕೊಂಡೇ ಕಾಕಾ ಕಾರು ಚಾಲೂ ಮಾಡುತ್ತಿದ್ದರು.

"ಕಾಕಾ, ಇವತ್ತ ರವಿವಾರ..."

"ಕುರಿ ತೆಗ್ಗಿನ್ಯಾಗ ಬಿದ್ರ ವಾರ ಕೇಳ್ತಾರೇನವ್ವಾ? ಹತ್ತು ಲಗೂ."

ಆ ದಾರಿಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ರಸ್ತೆಬದಿಯಲ್ಲಿ ಮಂದಿ ಗುಂಪುಗೂಡಿದ್ದರೆ ಕಾಕಾ ಕಾರು ನಿಲ್ಲಿಸಿ, "ನೀನ ನೋಡವ್ವಾ," ಎಂದು ಕಣ್ಣು ಮುಚ್ಚುತ್ತಿದ್ದರು. ನಾನು ಕಾಲೆಳೆದುಕೊಂಡು ಹೋಗಿ ನೋಡಬೇಕು. ಒಂದು ಕಡೆ ಎಮ್ಮೆ ಕರು ಹಾಕಿತ್ತು. ಇನ್ನೊಂದು ಕಡೆ ಮೀನಿನ ಗಾಡಿ ಪಂಕ್ಚರಾಗಿತ್ತು. ಯಲ್ಲಾಪುರ ದಾಟಿದ ಮೇಲೆ ಕಾಡು ದಟ್ಟವಾಯಿತು. ಒಂದು ತಿರುವಿನಲ್ಲಿ ನಮ್ಮ ಲಾರಿ ಕಂಡಿತು. ರಸ್ತೆಯಿಂದ ಇಳಿದು, ಮರಗಳ ನಡುವೆ ನಿಂತಿತ್ತು. ಕಾಕಾನ ಕೈ ಸ್ಟೇರಿಂಗ್ ಬಿಡಲಿಲ್ಲ. ನಾನೇ ಇಳಿದೆ.

ಲಾರಿಯ ಆ ಬದಿಯಲ್ಲಿ ಮೌಲಾಸಾಬ ಸ್ಟೋವ್ ಹಚ್ಚಿ ಚಹಾ ಕಾಯಿಸುತ್ತಿದ್ದ.

"ಬರ್ರಿ ಅಕ್ಕಾರ! ಇತ್ಲಾಗ ಹೆಂಗ ಬಂದ್ರಿ?" ಎಂದ ಮಹಾರಾಯ.

ದನಿ ಕೇಳಿ ಕಾಕಾನೂ ಇಳಿದು ಬಂದರು. ಇಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಆರಾಗಿತ್ತಂತೆ, ಇಂಜಿನ್ ಬಂದ್ ಮಾಡಿದನಂತೆ. ನೋಡಿದರೆ ನೆಟ್‌ವರ್ಕ್ ಇಲ್ಲ. "ಮುಂದ ಹೋಗಿ ಫೋನ್ ಹಚ್ಚಬೇಕಂದ್ರ ಗಾಡಿ ಚಾಲೂ ಮಾಡಬೇಕಲ್ರಿ ಸಾವ್ಕಾರ್ರ, ಆರರ ಮ್ಯಾಗ ಬ್ಯಾಡಂತ ನೀವ ಹೇಳೀರಿ. ಬೈಕಿನ ಮ್ಯಾಲೆ ಹೊಂಟಂವಗ ನಂಬರ್ ಕೊಟ್ಟು, ತಿಳಸಪಾ ಅಂತ ಹೇಳಿದ್ದೆ. ಮಾಡಿಲ್ಲೇನ್ರಿ ಅಂವ?"

ಅವನನ್ನು ಹೊಡೆಯಬೇಕೋ ಕಾಲಿಗೆ ಬೀಳಬೇಕೋ ನನಗೆ ತಿಳಿಯಲಿಲ್ಲ. ಕಾಕಾ ಅವನ ಎರಡೂ ಭುಜ ಹಿಡಿದು, ಮುಖ ಮುಟ್ಟಿ ಮುಟ್ಟಿ ನೋಡಿ, ಸಣ್ಣ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಚಹಾ ಕುಡಿದರು. ಆಮೇಲೆ ಕ್ಯಾಬಿನ್ ಹತ್ತಿ, ಡ್ರೈವರ್ ಮಲಗುವ ಹಲಗೆಯ ಮೇಲೆ ಇಸ್ತ್ರಿ ಅಂಗಿಯಲ್ಲೇ ಕಾಲು ಚಾಚಿದವರು ಹೊತ್ತು ಇಳಿಯುವ ತನಕ ಏಳಲಿಲ್ಲ. ಫೋನ್ ಕಾರಿನಲ್ಲೇ ಉಳಿದಿತ್ತು. ಅವರು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಕಂಡದ್ದು ಅದೊಂದೇ ರವಿವಾರ. ನಾವಿಬ್ಬರೂ ಕೆಮ್ಮಲೂ ಅಂಜಿ ಕೆಳಗೆ ಕೂತಿದ್ದೆವು.

ಈ ವರ್ಷ ಬೇಸಿಗೆಯಲ್ಲಿ ಎದೆಯ ಆಪರೇಶನ್ ಎಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. ಶನಿವಾರ ಸಂಜೆ ಮಂಚದ ಪಕ್ಕ ನಾನೇ ಫೋನ್ ಹಿಡಿದು ನಿಂತೆ. ಒಂದೊಂದೇ ಇಂಜಿನ್ ನಿಂತಿತು. "ಅಂಜಿಕಿ ಬರಾಕತ್ತೇತವ್ವಾ," ಎಂದರು, ನನ್ನ ಕೈ ಹಿಡಿದು. ನನಗೂ ಬರುತ್ತಿತ್ತು. "ಎಲ್ಲಾ ಗಾಡಿ ನಿಂತಾವಲ್ಲ? ಸ್ತೋತ್ರ. ನೀನೂ ಹೋಗಿ ಮಲ್ಕೋ." ಸೋಮವಾರ ಆಪರೇಶನ್ನಿಗೆ ಒಳಗೆ ಹೋದವರಿಗೆ ಮತ್ತೆ ಎಚ್ಚರವಾಗಲಿಲ್ಲ.

ಮುಂದಿನ ಶನಿವಾರ ಆಫೀಸಿನಲ್ಲಿ ಒಬ್ಬಳೇ ಕೂತಿದ್ದೆ. ಆರಕ್ಕೆ ಮೌಲಾಸಾಬನ ಫೋನ್ ಬಂತು. ಎತ್ತಿದೆ. ಆ ಕಡೆ ಇಂಜಿನ್ ಗುರುಗುಟ್ಟಿ, ಕೆಮ್ಮಿ, ನಿಂತಿತು. ಮುಂದಿನ ಮಾತು ಕಾಕಾನದು. ಅದನ್ನು ನಾನು ಹೇಗೆ ಆಡಲಿ? ಫೋನನ್ನು ಕಾಕಾನ ಹಾಗೇ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡೆ.

ಆಮೇಲೆ ಅವನೇ ಹೇಳಿದ, "ಸ್ತೋತ್ರರೀ, ಅಕ್ಕಾರ. ಗಾಡಿ ನಿಂತೇತಿ. ಅಂಜಬ್ಯಾಡ್ರಿ, ಮಲ್ಕೋರಿ ಇನ್ನ."