ಹಗುರ ಮಾಡಿಕೊಡದ ಮೇಸ್ತ್ರಿ

ನಮ್ಮ ಕಾವಲು ಕಂಪನಿಯ ಬಂದೂಕುಗಳನ್ನೆಲ್ಲ ರಿಪೇರಿ ಮಾಡುವ ಮೇಸ್ತ್ರಿಗೆ ನಾವು ಇಟ್ಟ ಹೆಸರು ನಿಧಾನಪ್ಪ. ಹೆತ್ತವರು ಇಟ್ಟದ್ದು ಏನೋ, ಹನ್ನೊಂದು ವರ್ಷದಲ್ಲಿ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಒಂದು ತಿರುಪು ಬಿಚ್ಚಬೇಕಾದರೆ ಅದರ ಯೋಗಕ್ಷೇಮ ವಿಚಾರಿಸುವವರ ಹಾಗೆ ಎರಡು ನಿಮಿಷ ನೋಡುತ್ತಾರೆ. ನಾನೋ, ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರದವಳು. ಇಂಥ ಮನುಷ್ಯನನ್ನು ನೆನೆದು ಕೈ ಮುಗಿಯುವ ಕಾಲ ನನಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮುಖಕ್ಕೆ ನಕ್ಕುಬಿಡುತ್ತಿದ್ದೆ.

ಬ್ಯಾಂಕಿನ ಬಾಗಿಲಲ್ಲಿ ರಿವಾಲ್ವರ್ ಕಟ್ಟಿಕೊಂಡು ನಿಲ್ಲುವುದು ನನ್ನ ಕೆಲಸ. ಹೋದ ವರ್ಷ ಅದೇ ಬ್ಯಾಂಕಿನ ಶಟರ್ ಸರ್ರನೆ ಇಳಿದು ನನ್ನ ಬಲಗೈ ತೋರುಬೆರಳನ್ನು ಜಜ್ಜಿಹಾಕಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ನಮ್ಮ ರಿವಾಲ್ವರಿನಲ್ಲಿ ಪ್ರತಿ ಸಲವೂ ಬೆರಳೇ ಟ್ರಿಗರ್ ಎಳೆದು, ಗುಂಡಿನ ಬೆನ್ನಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆತ್ತಿ ಬೀಳಿಸಬೇಕು. ಮೂರನೆಯ ಗುಂಡಿಗೆ ನನ್ನ ಬೆರಳು ನಡುಗುತ್ತಿತ್ತು, ನಾಲ್ಕನೆಯದಕ್ಕೆ ಬಂದೂಕಿನ ಮೂತಿ ನೆಲ ನೋಡುತ್ತಿತ್ತು.

ಕಂಪನಿಯಲ್ಲಿ ವರ್ಷಕ್ಕೊಮ್ಮೆ ಗುರಿ ಪರೀಕ್ಷೆ. ಮೂವತ್ತರಲ್ಲಿ ಇಪ್ಪತ್ತು ಗುಂಡು ವೃತ್ತದೊಳಗೆ ಬೀಳಬೇಕು. ಬೀಳದಿದ್ದರೆ ಬಂದೂಕು ವಾಪಸ್, ಅದರ ಹಿಂದೆಯೇ ಕೆಲಸವೂ ಹೋಯಿತು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಮನೆಯಲ್ಲಿ ಅಮ್ಮ, ಮಗಳು, ನಾನು. ಮೂರು ಹೊಟ್ಟೆ ಈ ಒಂದು ಬೆರಳನ್ನು ನಂಬಿಕೊಂಡಿದ್ದವು.

ಕಂಪನಿಯ ಉಗ್ರಾಣದ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಮೇಸ್ತ್ರಿಯ ಕೆಲಸ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ತಿರುಪುಗಳು ತುಂಬಿದ ಬಿಸ್ಕತ್ತಿನ ಡಬ್ಬಿಗಳು, ಎಣ್ಣೆಯ ವಾಸನೆ. ಮೂಲೆಯ ಕುರ್ಚಿಯಲ್ಲಿ ಅವರ ಅಕ್ಕನ ಗಂಡ ಪೇಪರ್ ಓದುತ್ತಾ ಕೂತಿರುತ್ತಾರೆ. ಮಡಿಸಲಾಗದ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಮೇಸ್ತ್ರಿ ಮಾಡುವ ಕೆಲಸಕ್ಕೆಲ್ಲ ಒಂದೊಂದು ಕೊಂಕು ಸೇರಿಸುವುದು ಅವರ ನೌಕರಿ. ನಾವೂ ಅವರನ್ನು ಭಾವ ಎಂದೇ ಕರೆಯುತ್ತೇವೆ.

"ಮೇಸ್ತ್ರಿ, ಇದರ ಟ್ರಿಗರ್ ಹಗುರ ಮಾಡಿಕೊಡಿ," ಎಂದೆ. "ಸ್ಪ್ರಿಂಗ್ ಬದಲಾಯಿಸ್ತೀರೋ, ಸಡಿಲ ಮಾಡ್ತೀರೋ ನಿಮಗೆ ಬಿಟ್ಟಿದ್ದು. ಯಾರಿಗೂ ಗೊತ್ತಾಗೋದು ಬೇಡ."

"ಕಂಪನಿ ಕಾಗದ ತಂದಿದ್ದೀಯಾ, ತಂಗಿ?"

"ತಂದಿದ್ದೀನಿ. ಸಾಫ್ ಮಾಡೋಕೆ ಅಂತ ಬರೆಸಿದ್ದೀನಿ."

"ಹಾಗಾದ್ರೆ ಸಾಫ್ ಮಾಡ್ತೀನಿ. ಸ್ಪ್ರಿಂಗ್ ಮುಟ್ಟಲ್ಲ."

ನಾನು ಬೇಡಿಕೊಂಡೆ, ಬೆರಳು ತೋರಿಸಿದೆ, ಮನೆಯ ಕಥೆ ಹೇಳಿದೆ. ಅವರು ಆಗಲ್ಲ ಎಂದು ತಲೆಯಾಡಿಸಿದರು. ಆಗ ಭಾವ ಪೇಪರ್ ಕೆಳಗಿಳಿಸಿದರು.

"ಹೀಗೆ ಕೇಳಿದವಳು ನೀನೇ ಮೊದಲಲ್ಲಮ್ಮ. ನಾನೂ ನಿನ್ನ ಹಾಗೇ ಬಾಗಿಲು ಕಾಯ್ತಿದ್ದವನು. ನನಗೆ ಬೆರಳು ನೆಟ್ಟಗಿತ್ತು, ಬರೀ ಸೋಮಾರಿತನ. ಹೆಂಡತಿ ತಮ್ಮ ಇದ್ದಾನಲ್ಲ ಅಂತ ಸ್ಪ್ರಿಂಗ್ ಸಡಿಲ ಮಾಡಿಸ್ಕೊಂಡೆ. ಆಹಾ, ಬೆಣ್ಣೆ! ಒಂದಿನ ಇಬ್ಬರು ಕಬ್ಬಿಣದ ಸರಳು ಹಿಡ್ಕೊಂಡು ನುಗ್ಗಿದ್ರು. ಮೇಲಕ್ಕೆ ಹೊಡೆದು ಹೆದರಿಸೋಣ ಅಂತ ಎಳೆದೆ. ಟಿಕ್ ಅಂತು. ಮತ್ತೆ ಎಳೆದೆ. ಮತ್ತೆ ಟಿಕ್. ಗುಂಡು ಸಿಡಿಸೋ ಅಷ್ಟು ಜೋರೇ ಕುದುರೆಗೆ ಉಳಿದಿರಲಿಲ್ಲ. ಆವತ್ತು ಸರಿಯಾಗಿ ಸದ್ದು ಮಾಡಿದ್ದು ನನ್ನ ಮಂಡಿ ಒಂದೇ."

"ಭಾವ, ಸಾಕು," ಎಂದರು ಮೇಸ್ತ್ರಿ, ನಮ್ಮ ಕಡೆ ತಿರುಗದೆ.

"ಕೇಳಿದವನು ನಾನು ಕಣೋ."

"ಮಾಡಿದವನು ನಾನಲ್ವಾ?"

ಈ ಎರಡು ಮಾತು ಆ ಕೋಣೆಯಲ್ಲಿ ಎಷ್ಟು ಸಲ ಆಗಿಹೋಗಿತ್ತೋ. ನನಗೆ ಮಾತ್ರ ಅದನ್ನು ಕೇಳುವ ವ್ಯವಧಾನ ಇರಲಿಲ್ಲ. "ನಿಮ್ಮ ಭಾವನ ಮಂಡಿ ಮುರಿದಿದ್ದಕ್ಕೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?" ಎಂದುಬಿಟ್ಟೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಮೇಸ್ತ್ರಿ ರಿವಾಲ್ವರನ್ನು ಬಟ್ಟೆಯ ಮೇಲೆ ಮಲಗಿಸಿ, "ನಾಳೆ ಡ್ಯೂಟಿಗೆ ಮುಂಚೆ ಬಾ," ಎಂದರು.

ಮರುದಿನ ಹೋದಾಗ ಬಂದೂಕಿನ ಪಕ್ಕದ ತಗಡು ಬಿಚ್ಚಿತ್ತು. ಒಳಗೆ ವರ್ಷಗಟ್ಟಲೆ ಹಳೆಯ ಎಣ್ಣೆ ಒಣಗಿ ಅಂಟು ಕಟ್ಟಿತ್ತು. ಅದನ್ನೆಲ್ಲ ತೊಳೆದು ಒರೆಸಿ, ಒಂದಕ್ಕೊಂದು ತಾಗುವ ಭಾಗಗಳಿಗೆ ನೀಲಿ ಶಾಯಿ ಹಚ್ಚಿ, ಮತ್ತೆ ಜೋಡಿಸಿ, ಖಾಲಿ ಬಂದೂಕಿನ ಟ್ರಿಗರ್ ಎಳೆದು, ಮತ್ತೆ ಬಿಚ್ಚಿ ನನಗೆ ತೋರಿಸಿದರು. ಶಾಯಿ ಎಲ್ಲಿ ಅಳಿಸಿದೆಯೋ ಅಲ್ಲಿ ಲೋಹ ಲೋಹವನ್ನು ಕೆರೆಯುತ್ತಿತ್ತು. ಅಲ್ಲಿಗೆ ನುಣುಪಾದ ಕಲ್ಲಿನಿಂದ ಎರಡು ಸಲ ಉಜ್ಜುವುದು, ಒರೆಸುವುದು, ನೋಡುವುದು. ಮತ್ತೆ ಶಾಯಿ, ಮತ್ತೆ ಜೋಡಣೆ. ಹೀಗೆ ನಾಲ್ಕು ದಿನ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

"ಭಾರ ಬೇರೆ, ಒರಟು ಬೇರೆ, ತಂಗಿ," ಎಂದರು ಒಂದು ಬೆಳಿಗ್ಗೆ, ನನ್ನ ಸಿಡಿಮಿಡಿ ನೋಡಿ. "ತುಂಬಿದ ಗಾಡಿನೂ ಒಳ್ಳೆ ರಸ್ತೇಲಿ ತಳ್ಳಬಹುದು. ಕಲ್ಲು ಗುಂಡಿ ಮೇಲೆ ಖಾಲಿ ಗಾಡಿನೂ ಜಗ್ಗಲ್ಲ."

ನಾಲ್ಕನೆಯ ದಿನ ಎಳೆದು ನೋಡಿದೆ. ಮೊದಲು ಎರಡು ಕಡೆ ತಡೆದು ತಡೆದು ಬರುತ್ತಿದ್ದ ಟ್ರಿಗರ್ ಈಗ ಒಂದೇ ಸಮನೆ ಬಂತು. ಸುಖವಾಯಿತು, ಸುಳ್ಳು ಹೇಳಬಾರದು. ಆದರೂ ಬಾಯಿ ಸುಮ್ಮನಿರಲಿಲ್ಲ. "ಇನ್ನೂ ಭಾರ ಇದೆ," ಎಂದೆ.

"ಇರುತ್ತೆ. ಅದು ನಿನ್ನ ಬೆರಳಿನ ಪಾಲು."

ಅಂದಿನಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವರ ಕೋಣೆಯಲ್ಲಿ ನನಗೆ ಪಾಠ. ಗುಂಡಿಲ್ಲದ ರಿವಾಲ್ವರ್ ಗೋಡೆಯ ಕಡೆಗೆ ಹಿಡಿಯಬೇಕು. ನಳಿಗೆಯ ಮೇಲೆ ಅವರು ಒಂದು ಅಂಗಿಯ ಗುಂಡಿ ಇಡುತ್ತಾರೆ. ಅದು ಬೀಳದ ಹಾಗೆ ನಾನು ಟ್ರಿಗರ್ ಎಳೆಯಬೇಕು. ಮೊದಲ ದಿನ ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲ ಬಿತ್ತು. ಭಾವ ಕೂತಲ್ಲಿಂದಲೇ, "ಹೋಯ್ತು! ಇನ್ನೊಂದು ವಿಕೆಟ್!" ಎಂದು ಕೂಗುತ್ತಿದ್ದರು. ಪ್ರತಿ ಸಲವೂ ಮೇಸ್ತ್ರಿ ಬಗ್ಗಿ ಹೆಕ್ಕುತ್ತಿದ್ದರು. ನಾನು ಬಗ್ಗಲು ಹೋದರೆ, "ನೀನು ಕೈ ಇಳಿಸಬೇಡ," ಎಂದು ತಡೆಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಸೊಂಟ ನೋವಿನವರು, ತಮ್ಮನ್ನು ಅಂದು ಆಡಿದವಳಿಗಾಗಿ ಮೇಜಿನ ಅಡಿಗೆಲ್ಲ ತೂರಿ ಆ ಗುಂಡಿ ಹುಡುಕುತ್ತಿದ್ದರು. ನನ್ನ ಸ್ವಂತ ಅಣ್ಣನೂ ಅಷ್ಟು ಬಗ್ಗಿರಲಾರ.

ಐದನೆಯ ವಾರ ಗುಂಡಿ ನಳಿಗೆಯ ಮೇಲೆ ಕೂತುಬಿಟ್ಟಿತು. ಕೂಗಲು ಏನೂ ಸಿಗದೆ ಭಾವ ಮತ್ತೆ ಪೇಪರ್ ಹಿಡಿದರು.

ಪರೀಕ್ಷೆಯ ದಿನ ಇಪ್ಪತ್ಮೂರು ಗುಂಡು ಒಳಗೆ ಬಿದ್ದವು. ನಾನು ಉಸಿರು ಬಿಡುವ ಮೊದಲೇ ಪರೀಕ್ಷಕರು ನನ್ನ ಆಸ್ಪತ್ರೆಯ ಕಾಗದ ತಿರುವಿ ಹಾಕಿ, "ಇಪ್ಪತ್ಮೂರಾ, ಈ ಬೆರಳಲ್ಲಿ?" ಎಂದರು. ಆಮೇಲೆ ಕೈ ಚಾಚಿದರು. ರಿವಾಲ್ವರ್ ಕೊಟ್ಟೆ. ಖಾಲಿಯಿದೆ ಎಂದು ನೋಡಿಕೊಂಡು, ಟ್ರಿಗರಿಗೆ ಕೊಕ್ಕೆ ಸಿಕ್ಕಿಸಿ, ಅದಕ್ಕೆ ನಾಲ್ಕು ಕಿಲೋ ತೂಕದ ಕಲ್ಲು ತೂಗುಹಾಕಿದರು. "ಇಷ್ಟಕ್ಕೇ ಕುದುರೆ ಬಿದ್ರೆ ಬಂದೂಕಿಗೆ ಕೈ ಹಾಕಿದ್ದೀರಿ ಅಂತ ಅರ್ಥ. ಪರೀಕ್ಷೆ ರದ್ದು. ಕೆಲಸಾನೂ ಇವತ್ತೇ ಮುಗೀತು," ಎಂದರು.

ಅಂಥದೊಂದು ನಿಯಮ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅವರು ಬಂದೂಕನ್ನು ಮೇಲೆತ್ತಿದರು. ಟ್ರಿಗರ್ ಸ್ವಲ್ಪ ಸರಿಯಿತು. ಅಲ್ಲಿಗೇ ನಿಂತಿತು. ಇಳಿಸಿ ಇನ್ನೆರಡು ಸಲ ಎತ್ತಿದರು. ಕುದುರೆ ಬೀಳಲಿಲ್ಲ.

"ಸರಿಯಾಗಿದೆ," ಎಂದು ಸಹಿ ಹಾಕಿದರು. "ಯಾರು ಕೆಲಸ ಮಾಡಿದ್ದು? ಕೈ ಚೆನ್ನಾಗಿದೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಾನು ಬೇಡಿದ್ದನ್ನು ಆ ಮನುಷ್ಯ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ನಾನು ಬೀದಿಗೆ ಬಿದ್ದಿರುತ್ತಿದ್ದೆ, ಮೋಸಗಾತಿ ಎಂಬ ಹೆಸರನ್ನೂ ಹೊತ್ತುಕೊಂಡು. ಎದ್ದು ನೇರ ಉಗ್ರಾಣದ ಹಿಂದಕ್ಕೆ ನಡೆದೆ.

ಮೇಸ್ತ್ರಿ ಯಾವುದೋ ತಿರುಪು ನೋಡುತ್ತಾ ನಿಂತಿದ್ದರು. ಪಾಸಾದದ್ದು, ಪರೀಕ್ಷಕರು ಕಲ್ಲು ತೂಗುಹಾಕಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಆವತ್ತು ನಾನು ಬಾಯಿಗೆ ಬಂದದ್ದು ಅಂದೆ. ತಪ್ಪಾಯ್ತು, ಮೇಸ್ತ್ರಿ. ನೀವು ಮಾಡಿಕೊಟ್ಟಿದ್ದಕ್ಕಲ್ಲ, ಮಾಡಿಕೊಡದೆ ಇದ್ದಿದ್ದಕ್ಕೆ ಥ್ಯಾಂಕ್ಸ್ ಹೇಳೋಕೆ ಬಂದೆ," ಎಂದೆ.

ಅವರ ಕೈಯ ತಿರುಪು ಮೇಜಿನ ಮೇಲೆ ಬಿತ್ತು. ಆಮೇಲೆ ಎಣ್ಣೆ ಮೆತ್ತಿದ ತೋಳಿನಿಂದಲೇ ಕಣ್ಣೊರೆಸಿಕೊಂಡು ಮೂಲೆಯ ಕಡೆ ತಿರುಗಿದರು.

"ಆವತ್ತು ನಿಮಗೂ ಆಗಲ್ಲ ಅಂದುಬಿಟ್ಟಿದ್ರೆ, ಭಾವ..."

"ಅಂದಿದ್ರೆ ಏನಾಗ್ತಿತ್ತು?" ಎಂದರು ಭಾವ. "ಎರಡೂ ಕಾಲಲ್ಲಿ ಊರೆಲ್ಲ ತಿರುಗಿ ನಿನ್ನ ಬೈಕೊಂಡು ಬರ್ತಿದ್ದೆ ಕಣೋ."

ಮೇಸ್ತ್ರಿ ಅಳುತ್ತಲೇ ನಕ್ಕರು.